ಕುದುರೆ ಗೆದ್ದಾಗ ಟ್ರೈನರ್‌ಗೆ ಎಷ್ಟು ಹೆಸರು ಸಲ್ಲಬೇಕು?

ಚನ್ನರಾಯಪಟ್ಟಣ ಹುಡುಗ

ಎಲ್ಲರಿಗೂ ನಮಸ್ಕಾರ. ಹೋದ ಸೀಸನ್ನಿನಲ್ಲಿ ಮಾವನ ಜೊತೆ ಮೈಸೂರು ರೇಸಿಗೆ ಹೋಗಿದ್ದೆ. ಚಾಮುಂಡಿ ಬೆಟ್ಟದ ಬುಡದಲ್ಲಿ ನಿಂತು ಮಧ್ಯಾಹ್ನವೆಲ್ಲ ಕುದುರೆ ನೋಡಿದೆವು. ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಶುರುವಾದ ವಾದ ಕೆ.ಆರ್.ಪೇಟೆ ದಾಟಿ ಕಿಕ್ಕೇರಿ ಬಂದರೂ ಮುಗಿಯಲಿಲ್ಲ. ಅದನ್ನೇ ಇಲ್ಲಿ ಕೇಳುತ್ತಿದ್ದೇನೆ.

ಮಾವ ಮೂವತ್ತು ವರ್ಷದಿಂದ ರೇಸ್ ನೋಡುವವರು. ರೇಸ್ ಪುಸ್ತಕ ಕೈಗೆ ಬಂದರೆ ಅವರು ಮೊದಲು ನೋಡುವುದು ಟ್ರೈನರ್ ಹೆಸರು, ಆಮೇಲೆ ಕುದುರೆ. 'ಓಡೋದು ಕುದುರೆ, ಓಡಿಸೋದು ಟ್ರೈನರ್ ಕಣೋ' ಅನ್ನುತ್ತಾರೆ. ಬೆಂಗಳೂರಿನ ರಶೀದ್ ಬೈರಾಮ್‌ಜಿ, ಅವರ ಲಾಯದ ಸ್ಕ್ವಾಂಡರರ್ ಕುದುರೆ, ಈ ಕಥೆಗಳು ಕೇಳಿ ಕೇಳಿ ನನಗೂ ಬಾಯಿಪಾಠ.

ನನ್ನ ಅನುಮಾನ ಬೇರೆ. ದುಡ್ಡಿರುವ ಓನರ್ ಒಳ್ಳೇ ಮರಿ ಕೊಳ್ಳುತ್ತಾನೆ. ಅದನ್ನು ಹೆಸರಿರುವ ಟ್ರೈನರ್ ಹತ್ತಿರವೇ ಬಿಡುತ್ತಾನೆ. ಒಳ್ಳೇ ಜಾಕಿಯೂ ಅದೇ ಲಾಯಕ್ಕೆ ಬರುತ್ತಾನೆ. ಕುದುರೆ ಗೆಲ್ಲುತ್ತದೆ, ಟ್ರೈನರ್ ಹೆಸರು ಇನ್ನೂ ಬೆಳೆಯುತ್ತದೆ, ಮುಂದಿನ ವರ್ಷ ಇನ್ನೂ ಒಳ್ಳೇ ಮರಿಗಳು ಬರುತ್ತವೆ. ಇದರಲ್ಲಿ ಅವನ ಕೈಗುಣ ಎಷ್ಟು, ಮರಿಯ ರಕ್ತ ಎಷ್ಟು ಅಂತ ಬಿಡಿಸುವುದು ಹೇಗೆ?

ಐರ್ಲೆಂಡಿನ ಟ್ರೈನರ್ ಏಡನ್ ಓಬ್ರಿಯನ್ ಅವರನ್ನೇ ನೋಡಿ. 2017ರಲ್ಲಿ ಒಂದೇ ವರ್ಷ ಗ್ರೂಪ್ ಒನ್, ಅಂದರೆ ಅತಿ ಮೇಲಿನ ದರ್ಜೆಯ, 28 ರೇಸ್ ಗೆದ್ದರು. ದೊಡ್ಡ ಸಾಧನೆ, ಇಲ್ಲ ಅನ್ನಲ್ಲ. ಆದರೆ 2019ರಲ್ಲಿ ಇಂಗ್ಲೆಂಡಿನ ದೊಡ್ಡ ರೇಸ್ ಎಪ್ಸಮ್ ಡರ್ಬಿಯಲ್ಲಿ ಓಡಿದ 13 ಕುದುರೆಗಳಲ್ಲಿ 7 ಅವರದ್ದೇ. ಹಿಂದೆ ಇರುವುದು ಕೂಲ್‌ಮೋರ್ ಅನ್ನುವ ದೊಡ್ಡ ತಳಿ ಸಂಸ್ಥೆ. ಇನ್ನೊಂದು ಕಡೆ ಇಂಗ್ಲೆಂಡಿನ ಹೆನ್ರಿ ಸೆಸಿಲ್. 10 ಸಲ ಚಾಂಪಿಯನ್ ಟ್ರೈನರ್ ಆದವರು. 1995ರಲ್ಲಿ ದುಬೈನ ಶೇಖ್ ಮೊಹಮ್ಮದ್ ತಮ್ಮ ಕುದುರೆಗಳನ್ನು ಅಲ್ಲಿಂದ ತೆಗೆದರು. ಆಮೇಲೆ ಹಳೇ ಓನರ್‌ಗಳೂ ಒಬ್ಬೊಬ್ಬರಾಗಿ ಇಲ್ಲವಾದರು. 2005ರಲ್ಲಿ ಸೆಸಿಲ್ ಇಡೀ ವರ್ಷ ಗೆದ್ದದ್ದು ಬರೀ 12 ರೇಸ್. ಅದೇ ಮನುಷ್ಯ, ಅದೇ ಲಾಯ. ಕುದುರೆ ಹೋದ ಮೇಲೆ ಗೆಲುವೂ ಹೋಯಿತು. ಹಾಗಾದರೆ ಮೊದಲಿನ ಹೆಸರು ಯಾರದ್ದು?

ತಿಳಿದವರು ಬಿಡಿಸಿ ಹೇಳಿ. ಯಾವ ಕುದುರೆ ಮೇಲೆ ಕಟ್ಟಬೇಕು ಅಂತ ದಯವಿಟ್ಟು ಇಲ್ಲಿ ಬರೆಯಬೇಡಿ, ನನಗೆ ಬೇಕಾದ್ದು ಅದಲ್ಲ.

ಸಕಲೇಶಪುರ ತೋಟ

ತಮ್ಮಾ, ಒಳ್ಳೇ ಪ್ರಶ್ನೆ. ಆದರೆ ಸೆಸಿಲ್ ಕಥೆಯನ್ನು ನೀನು ಅರ್ಧಕ್ಕೇ ನಿಲ್ಲಿಸಿದ್ದೀಯ. 2000ದಲ್ಲಿ ಅವರ ಅವಳಿ ತಮ್ಮ ತೀರಿಕೊಂಡರು. ಮುಂದೆ ಅವರಿಗೇ ಕ್ಯಾನ್ಸರ್ ಬಂತು. ಕುದುರೆ ಮಾತ್ರ ಹೋಗಲಿಲ್ಲ, ಮನುಷ್ಯನೂ ಕುಗ್ಗಿದ್ದ. ಅಂಥ ಹೊತ್ತಲ್ಲಿ ಸೌದಿಯ ಖಾಲಿದ್ ಅಬ್ದುಲ್ಲಾ ಅನ್ನುವ ಓನರ್ ಕೈಬಿಡದೆ ಮರಿಗಳನ್ನು ಕಳಿಸುತ್ತಲೇ ಇದ್ದರು. ಅದರಲ್ಲಿ ಬಂದದ್ದೇ ಫ್ರಾಂಕೆಲ್. 14 ರೇಸ್ ಓಡಿತು, 14ನ್ನೂ ಗೆದ್ದಿತು. ಅದು ಚಿಕ್ಕದಿದ್ದಾಗ ಬಹಳ ಬಿರುಸು, ಕಡಿವಾಣ ಹಿಡಿದರೆ ಕೈ ಕಿತ್ತು ಬರುವಷ್ಟು ಎಳೆಯುತ್ತಿತ್ತು. ಅದನ್ನು ಹಾಗೇ ಓಡಲು ಬಿಟ್ಟಿದ್ದರೆ ಅರ್ಧ ದಾರಿಯಲ್ಲೇ ಸುಸ್ತಾಗುತ್ತಿತ್ತು. ದಿನಾ ಬೆಳಿಗ್ಗೆ ಬೇರೆ ಕುದುರೆಗಳ ಹಿಂದೆ ಓಡಿಸಿ, ತಾಳ್ಮೆ ಕಲಿಸಿ, ಒಂದೂ ರೇಸ್ ಸೋಲದಂತೆ ಮೂರು ವರ್ಷ ಇಟ್ಟುಕೊಂಡದ್ದು ಸೆಸಿಲ್ ಮತ್ತು ಅವರ ಲಾಯದ ಜನ. ರಕ್ತ ಗೆಲಿಲಿಯೋ ಅನ್ನೋ ಗಂಡು ಕುದುರೆಯದ್ದು ನಿಜ. ಗೆಲಿಲಿಯೋ ಮಕ್ಕಳು ನೂರಾರು ಇದ್ದವು, ಫ್ರಾಂಕೆಲ್ ಒಂದೇ.

ನನ್ನ ಅನುಭವವೂ ಹೇಳುತ್ತೇನೆ. ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಹೆಣ್ಣು ಕುದುರೆಯಲ್ಲಿ ಪಾಲು ಇಟ್ಟಿದ್ದೆವು. ಮೊದಲು ಒಂದು ಲಾಯದಲ್ಲಿತ್ತು. ಏಳು ಸಲ ಓಡಿತು, ಒಂದು ಸಲವೂ ಮೊದಲ ಮೂರರಲ್ಲಿ ಬರಲಿಲ್ಲ. ಆಮೇಲೆ ಬೇರೆ ಟ್ರೈನರ್ ಹತ್ತಿರ ಬಿಟ್ಟೆವು. ಅವರು ಮೊದಲ ವಾರ ಅದನ್ನು ಓಡಿಸಲೇ ಇಲ್ಲ. ಸುಮ್ನೆ ನಡೆಸಿ ನೋಡಿದರು. ತಿರುವಿನಲ್ಲಿ ತಲೆ ಒಂದು ಕಡೆಗೆ ಹಾಕುತ್ತೆ ಅಂತ ಗಮನಿಸಿ ಹಲ್ಲಿನ ಡಾಕ್ಟರನ್ನು ಕರೆಸಿದರು. ಒಳಗಡೆ ಹಲ್ಲಿನ ಅಂಚು ಮೊನಚಾಗಿ ಕೆನ್ನೆ ಕೊರೆದಿತ್ತು. ಕಡಿವಾಣ ಎಳೆದಾಗೆಲ್ಲ ನೋವು, ಪಾಪ. ಹಲ್ಲು ಅರದಿಂದ ಉಜ್ಜಿಸಿದರು. 1,200 ಮೀಟರ್ ಓಡುತ್ತಿದ್ದದ್ದನ್ನು 1,600ಕ್ಕೆ ಹಾಕಿದರು. ಮೂರನೇ ಓಟದಲ್ಲಿ ಗೆದ್ದಿತು. ಅವತ್ತು ನಾವು ನಾಲ್ಕೂ ಜನ ಅತ್ತುಬಿಟ್ಟೆವು.

ಅದೇ ಕುದುರೆ, ಅದೇ ರಕ್ತ. ಬದಲಾದದ್ದು ನೋಡುವ ಕಣ್ಣು. ಟ್ರೈನರ್‌ಗೆ ಹೆಸರು ಕೊಡದೆ ಇನ್ಯಾರಿಗೆ ಕೊಡಲಿ?

ಹಾಸನ ಪಶುವೈದ್ಯೆ

ತೋಟದ ಅಣ್ಣ ಹೇಳಿದ ಹಲ್ಲಿನ ವಿಷಯ ನೂರಕ್ಕೆ ನೂರು ಸರಿ. ಇದು ತುಂಬ ಸಾಮಾನ್ಯ, ಮತ್ತು ತುಂಬ ಜನ ನೋಡುವುದೇ ಇಲ್ಲ.

ನಾನು ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ಈಗ ದಿನಾ ನೋಡುವುದು ಹಸು, ಎಮ್ಮೆ. ಮಧ್ಯೆ ಎರಡು ವರ್ಷ ಕುದುರೆ ಲಾಯಗಳಲ್ಲಿ ಕೆಲಸ ಮಾಡಿದ್ದೇನೆ. ಕುದುರೆಯ ಮೈಯಲ್ಲಿ ಯಾವುದು ಹುಟ್ಟಿನಿಂದ ಬರುತ್ತೆ, ಯಾವುದು ತರಬೇತಿಯಿಂದ ಬರುತ್ತೆ ಅಂತ ಸ್ವಲ್ಪ ಹೇಳುತ್ತೇನೆ.

ಹೃದಯ ಬಹುಪಾಲು ಹುಟ್ಟಿನಿಂದ. ಸಾಮಾನ್ಯ ರೇಸ್ ಕುದುರೆಯ ಹೃದಯ 4ರಿಂದ 5 ಕೆ.ಜಿ. ಇರುತ್ತದೆ. 1973ರಲ್ಲಿ ಅಮೆರಿಕದ ಬೆಲ್ಮಾಂಟ್ ರೇಸನ್ನು 31 ಲೆಂತ್, ಅಂದರೆ 31 ಕುದುರೆಯ ಉದ್ದದಷ್ಟು, ಅಂತರದಿಂದ ಗೆದ್ದ ಸೆಕ್ರೆಟೇರಿಯಟ್ 1989ರಲ್ಲಿ ಸತ್ತಾಗ, ಅದರ ಹೃದಯ ಸುಮಾರು 10 ಕೆ.ಜಿ. ಇರಬೇಕು ಅಂತ ಕೊಯ್ದು ನೋಡಿದ ವೈದ್ಯರು ಅಂದಾಜು ಮಾಡಿದರು. ತೂಕ ಹಾಕಿರಲಿಲ್ಲ, ಕಣ್ಣಳತೆ ಅಷ್ಟೇ. ಆದರೂ ಅಂಥ ಹೃದಯವನ್ನು ಯಾವ ಟ್ರೈನರೂ ಮಾಡಿ ಕೊಡಲಾರ. ದೂರ ಓಡುವ ಕುದುರೆಯೋ, ಹತ್ತಿರದ ಓಟದ ಕುದುರೆಯೋ ಅನ್ನುವುದರಲ್ಲೂ ಹುಟ್ಟಿನ ಪಾಲು ದೊಡ್ಡದು. ಮಯೋಸ್ಟಾಟಿನ್ ಅನ್ನುವ ಒಂದು ಜೀನ್ ಇದೆ, ಅದರ ಮೇಲೆ ಬಹಳಷ್ಟು ನಿಂತಿದೆ ಅಂತ 2010ರಲ್ಲಿ ಡಬ್ಲಿನ್ನಿನ ಸಂಶೋಧಕರು ತೋರಿಸಿದರು. ಅಣ್ಣನ ಕುದುರೆ 1,200ರಲ್ಲಿ ಸೋತು 1,600ರಲ್ಲಿ ಗೆದ್ದದ್ದು ಬಹುಶಃ ಇದಕ್ಕೇ. ಟ್ರೈನರ್ ಅದನ್ನು ದೂರದ ಕುದುರೆ ಮಾಡಲಿಲ್ಲ. ದೂರದ ಕುದುರೆ ಅಂತ ಗುರುತಿಸಿದರು. ಗುರುತಿಸುವುದೂ ದೊಡ್ಡ ಕೆಲಸವೇ ಅಲ್ವಾ.

ಮೂಳೆ ಮಾತ್ರ ಬಹುಪಾಲು ತರಬೇತಿಯ ಕೈಯಲ್ಲಿದೆ ಅಂತ ನಾನು ನಂಬುತ್ತೇನೆ. ಎರಡು ವರ್ಷದ ಮರಿಯ ಮುಂಗಾಲಿನ ಮೂಳೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಬರೀ ನಿಧಾನವಾಗಿ ಗಂಟೆಗಟ್ಟಲೆ ಓಡಿಸಿದರೆ ಅದು ರೇಸಿನ ಹೊಡೆತಕ್ಕೆ ತಯಾರಾಗುವುದಿಲ್ಲ. ಒಂದೇ ಸಲ ಜೋರಾಗಿ ಓಡಿಸಿದರೆ ಸಣ್ಣ ಬಿರುಕು ಬೀಳುತ್ತದೆ. ಸ್ವಲ್ಪ ದೂರ ಜೋರಾಗಿ ಓಡಿಸಿ, ಮತ್ತೆ ಬಿಡುವು ಕೊಟ್ಟು, ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಬೇಕು. ಮುಂಗಾಲಿನ ಹಿಂದಿನ ನರ, ನೀವೆಲ್ಲ ಟೆಂಡನ್ ಅನ್ನುತ್ತೀರಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಅದು ಒಮ್ಮೆ ಹರಿದರೆ ವಾಸಿಯಾಗಲು 9 ತಿಂಗಳಿಂದ ಒಂದು ವರ್ಷ ಬೇಕು. ವಾಸಿಯಾದರೂ ಮೊದಲಿನ ಹಾಗೆ ಆಗುವುದಿಲ್ಲ. ಕಾಲು ಸ್ವಲ್ಪ ಬಿಸಿ ಇದ್ದ ದಿನ ಆ ಕುದುರೆಯನ್ನು ಹೊರಗೆ ತೆಗೆಯದೆ ಇರುವುದೇ ಟ್ರೈನರ್‌ನ ಅತಿ ದೊಡ್ಡ ಕೆಲಸ. ಅದು ಯಾವ ಪೇಪರಿನಲ್ಲೂ ಬರುವುದಿಲ್ಲ.

ಇನ್ನೊಂದು ಮಾತು. 2008ರಲ್ಲಿ ಬ್ರಿಟನ್ನಿನಲ್ಲಿ ಸಾವಿರಾರು ಕುದುರೆಗಳ ಗಳಿಕೆ ಲೆಕ್ಕ ಹಾಕಿ ನೋಡಿದರು. ಕುದುರೆ ಕುದುರೆಗೆ ಗಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ವಂಶದ ಪಾಲು ನೂರಕ್ಕೆ ಹತ್ತರಷ್ಟು ಮಾತ್ರ ಅಂತ ಬಂತು. ಹಾಗಂತ ಉಳಿದ ತೊಂಬತ್ತೂ ಟ್ರೈನರ್‌ದ್ದು ಅಂತ ಅರ್ಥ ಅಲ್ಲ. ಅದರಲ್ಲಿ ಸಾಕಣೆ, ಮೇವು, ಜಾಕಿ, ರೇಸ್ ಆಯ್ಕೆ, ಗಾಯ, ಅದೃಷ್ಟ ಎಲ್ಲ ಇದೆ.

ಚನ್ನರಾಯಪಟ್ಟಣ ಹುಡುಗ

ಮೇಡಂ, ತುಂಬ ಥ್ಯಾಂಕ್ಸ್. ಹತ್ತೇ ಅಂತ ಓದಿ ನನಗೆ ಆಶ್ಚರ್ಯ ಆಯಿತು. ನಾನು ರಕ್ತದ ಪಾಲು ಅರ್ಧಕ್ಕಿಂತ ಜಾಸ್ತಿ ಅಂದುಕೊಂಡಿದ್ದೆ. ಬೆಂಗಳೂರಿಗೆ ಹೋಗುವಾಗೆಲ್ಲ ಕುಣಿಗಲ್ ಬಂದರೆ ಮಾವ ಸ್ಟಡ್ ಫಾರ್ಮ್ ಕಡೆ ಕೈ ತೋರಿಸಿ, ಟಿಪ್ಪು ಕಾಲದಿಂದ ದಂಡಿಗೆ ಕುದುರೆ ಸಾಕಿದ ನೆಲ ಅದು ಅಂತ ಹೇಳುತ್ತಿದ್ದರು. ಅದನ್ನು ಕೇಳುತ್ತಾ ಬೆಳೆದವನಿಗೆ ತಳಿಯೇ ಎಲ್ಲ ಅನ್ನಿಸಿತ್ತು. ಈಗ ಪ್ರಶ್ನೆ, ಟ್ರೈನರ್ ಪಾಲನ್ನು ಅಳೆಯಲು ಏನಾದರೂ ದಾರಿ ಇದೆಯಾ?

ಲೆಕ್ಕದ ಮೇಷ್ಟ್ರು, ಹೊಳೆನರಸೀಪುರ

ದಾರಿ ಇದೆ. ಒಂದೊಂದು ದಾರಿಯಲ್ಲೂ ಒಂದೊಂದು ಗುಂಡಿ ಇದೆ.

ಮೊದಲು, ಯಾರು ಎಷ್ಟು ಗೆದ್ದರು ಅನ್ನುವ ಪಟ್ಟಿ ಬಿಟ್ಟುಬಿಡಿ. ನೂರು ಕುದುರೆ ಇರುವವರು ಹತ್ತು ಕುದುರೆ ಇರುವವರಿಗಿಂತ ಜಾಸ್ತಿ ಗೆದ್ದೇ ಗೆಲ್ಲುತ್ತಾರೆ. ನೂರು ಓಟಕ್ಕೆ ಎಷ್ಟು ಗೆಲುವು ಅಂತ ನೋಡುವುದು ಸ್ವಲ್ಪ ವಾಸಿ. ಅಲ್ಲೂ ಒಳ್ಳೇ ಕುದುರೆ ಇರುವವರೇ ಮುಂದಿರುತ್ತಾರೆ.

ಅದಕ್ಕೆ ಆಡ್ಸ್, ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಎಷ್ಟು ಲಾಭ ಅನ್ನುವ ಭಾವ, ಹಿಡಿದು ನೋಡುತ್ತಾರೆ. ಒಂದು ಕುದುರೆಯ ಭಾವ ನಾಲ್ಕಕ್ಕೆ ಒಂದು ಇದ್ದರೆ, ಐದು ಓಟದಲ್ಲಿ ಒಂದು ಗೆಲ್ಲಬಹುದು ಅಂತ ಜನ ಅಂದಾಜು ಮಾಡಿದ್ದಾರೆ ಅಂತ ಅರ್ಥ. ಬುಕ್ಕಿ ತನ್ನ ಲಾಭ ಇಟ್ಟುಕೊಂಡಿರುತ್ತಾನೆ, ಅದನ್ನು ಸದ್ಯಕ್ಕೆ ಬಿಡೋಣ. ಒಬ್ಬ ಟ್ರೈನರ್ ಇಂಥ 40 ಕುದುರೆ ಓಡಿಸಿದರೆ 8 ಗೆಲ್ಲಬೇಕು. ಅವನು 10 ಗೆದ್ದ. ಜನ ಹೊಗಳುತ್ತಾರೆ. ಆದರೆ 40 ಓಟದಲ್ಲಿ ಎರಡು ಮೂರು ಆಚೀಚೆ ಆಗುವುದು ಬರೀ ಅದೃಷ್ಟದಿಂದಲೇ ಆಗುತ್ತೆ, ಅದರಿಂದ ಏನೂ ಹೇಳಲು ಬರುವುದಿಲ್ಲ. ಅದೇ 400 ಓಟದಲ್ಲಿ 80ರ ಬದಲು 100 ಗೆದ್ದರೆ ಆಗ ಏನೋ ಇದೆ ಅನ್ನಬಹುದು. ನಮ್ಮಲ್ಲಿ ಒಂದು ಸೀಸನ್ ನೋಡಿ ಒಬ್ಬರನ್ನು ತಲೆ ಮೇಲೆ ಹೊತ್ತು, ಮುಂದಿನ ಸೀಸನ್ನಿನಲ್ಲಿ ಕೆಳಗೆ ಹಾಕುತ್ತೇವೆ. ಇದು ನನಗೆ ನಿಜವಾಗಿ ಬೇಜಾರು ತರುವ ವಿಷಯ.

ಇಲ್ಲಿನ ಗುಂಡಿ ಏನೆಂದರೆ, ಜನ ಟ್ರೈನರ್ ಹೆಸರು ನೋಡಿಯೇ ದುಡ್ಡು ಕಟ್ಟುತ್ತಾರೆ. ಹುಡುಗನ ಮಾವ ಮಾಡುವುದೂ ಅದೇ ಅಲ್ವಾ? ಅಂದರೆ ಒಳ್ಳೇ ಟ್ರೈನರ್‌ನ ಕೈಗುಣ ಆ ಭಾವದೊಳಗೇ ಸೇರಿಹೋಗಿದೆ. ಆಮೇಲೆ ಭಾವಕ್ಕೆ ಹೋಲಿಸಿದರೆ ಅವನು ಸಾಧಾರಣ ಅಂತ ಕಾಣುತ್ತಾನೆ. ಈ ಲೆಕ್ಕದಲ್ಲಿ ಮೇಲೆ ಬರುವುದು ಇನ್ನೂ ಹೆಸರಾಗದ ಒಳ್ಳೇ ಟ್ರೈನರ್.

ಎರಡನೇ ದಾರಿ ಕೈ ಬದಲಾದ ಕುದುರೆಗಳು. ಅಮೆರಿಕದಲ್ಲಿ ಕ್ಲೇಮಿಂಗ್ ರೇಸ್ ಅಂತ ಇದೆ. ಓಡುವ ಪ್ರತಿ ಕುದುರೆಗೂ ಮೊದಲೇ ಬೆಲೆ ಕಟ್ಟಿರುತ್ತಾರೆ. ರೇಸಿಗೆ ಮುಂಚೆ ಅರ್ಜಿ ಹಾಕಿದವರು ಆ ಬೆಲೆ ಕೊಟ್ಟು ಕುದುರೆ ಒಯ್ಯಬಹುದು. ಹೀಗಾಗಿ ಒಂದೇ ಕುದುರೆ ಒಂದೇ ವರ್ಷ ಮೂರು ನಾಲ್ಕು ಟ್ರೈನರ್ ಕೈಯಲ್ಲಿ ಓಡುವುದುಂಟು. ಕುದುರೆ ಅದೇ, ಕೈ ಬೇರೆ. ಹೋಲಿಸಲು ಇದಕ್ಕಿಂತ ಒಳ್ಳೇ ಅವಕಾಶ ಇಲ್ಲ.

ಅಲ್ಲೂ ಗುಂಡಿ ಇದೆ, ತೋಟದವರು ಬೇಸರ ಮಾಡಿಕೊಳ್ಳಬಾರದು. ಓನರ್ ಟ್ರೈನರ್ ಬದಲಿಸುವುದು ಯಾವಾಗ? ಕುದುರೆ ತೀರಾ ಕೆಟ್ಟದಾಗಿ ಓಡುತ್ತಿರುವಾಗ. ತಳಕ್ಕೆ ಬಂದದ್ದು ಹೇಗೂ ಸ್ವಲ್ಪ ಮೇಲೆ ಏಳುತ್ತದೆ. ಹಳೇ ಲಾಯದಲ್ಲೇ ಇದ್ದಿದ್ದರೂ ಎದ್ದಿರಬಹುದು. ಹೊಸಬರಿಗೆ ಸುಮ್ನೆ ಹೆಸರು ಬರುತ್ತದೆ. ಹಾಗಾಗಿ ನನಗೆ ಹೆಚ್ಚು ನಂಬಿಕೆ ಇರುವುದು, ಒಬ್ಬ ಟ್ರೈನರ್ ನಿವೃತ್ತಿ ಆದಾಗಲೋ ತೀರಿಕೊಂಡಾಗಲೋ ಅವರ ಲಾಯದ ಕುದುರೆಗಳೆಲ್ಲ, ಒಳ್ಳೇದು ಕೆಟ್ಟದ್ದು ಎರಡೂ, ನಾಲ್ಕೈದು ಕಡೆಗೆ ಹಂಚಿಹೋಗುತ್ತವಲ್ಲ, ಅವು ಹೊಸ ಕೈಯಲ್ಲಿ ಒಂದು ವರ್ಷ ಹೇಗೆ ಓಡಿದವು ಅಂತ ನೋಡುವ ಲೆಕ್ಕದ ಮೇಲೆ.

ಸಕಲೇಶಪುರ ತೋಟ

ಬೇಸರ ಯಾಕೆ ಮೇಷ್ಟ್ರೇ. ತಳಕ್ಕೆ ಬಂದದ್ದು ಮೇಲೆ ಏಳುತ್ತೆ ಅನ್ನೋದು ಒಪ್ಪಿದೆ. ಆದರೆ ನಮ್ಮ ಕುದುರೆಯ ಹಲ್ಲು ತಾನಾಗಿ ಸರಿ ಹೋಗುತ್ತಿರಲಿಲ್ಲ. ಅದಕ್ಕೇ ನಾನು ಹೇಳುವುದು, ಲೆಕ್ಕದ ಜೊತೆ ಟ್ರೈನರ್ ಏನು ಮಾಡಿದ ಅನ್ನುವುದನ್ನೂ ಕೇಳಬೇಕು. ಏನೂ ಮಾಡದೆ ಕುದುರೆ ಸುಧಾರಿಸಿದರೆ ಅದೃಷ್ಟ. ಒಂದು ತೊಂದರೆ ಹುಡುಕಿ ಸರಿ ಮಾಡಿದ್ದರೆ ಅದು ಅವನದು.

ಇಂಗ್ಲೆಂಡಿನಲ್ಲಿ ಓಡಿದ ರೆಡ್ ರಮ್ ಅನ್ನುವ ಕುದುರೆಯೂ ಹಾಗೇ. ಟ್ರೈನರ್ ಜಿಂಜರ್ ಮೆಕೇನ್ ಅದನ್ನು 6,000 ಗಿನಿಗೆ ಒಬ್ಬ ಮುದುಕರಿಗಾಗಿ ಕೊಂಡರು. ಅಷ್ಟರಲ್ಲಿ ಅದು ಹಲವು ಟ್ರೈನರ್‌ಗಳ ಕೈ ದಾಟಿತ್ತು. ಗೊರಸಿನ ಒಳಗಿನ ಮೂಳೆಯಲ್ಲಿ ಬೇನೆ ಇತ್ತು. ಮೆಕೇನ್ ಲಾಯ ಸೌತ್‌ಪೋರ್ಟ್ ಊರಿನಲ್ಲಿ, ಕಾರು ಮಾರುವ ಅಂಗಡಿಯ ಹಿಂದೆ. ಓಡಿಸಲು ಹುಲ್ಲುಗಾವಲು ಇರಲಿಲ್ಲ, ಸಮುದ್ರದ ದಂಡೆಯಲ್ಲಿ ಓಡಿಸುತ್ತಿದ್ದರು. ಆ ಮರಳು, ಉಪ್ಪು ನೀರು ಕಾಲಿಗೆ ಹಿಡಿಸಿತು. ಅಲ್ಲಿನ ಗ್ರ್ಯಾಂಡ್ ನ್ಯಾಷನಲ್ ರೇಸ್ ಅಂದರೆ 7 ಕಿಲೋಮೀಟರ್ ಹತ್ತಿರ ಓಡಿ 30 ಬೇಲಿ ಹಾರಬೇಕು. ಅದನ್ನು 1973, 1974, 1977ರಲ್ಲಿ ಗೆದ್ದಿತು, ನಡುವಿನ ಎರಡು ವರ್ಷ ಎರಡನೇ ಸ್ಥಾನ. ದಂಡೆ ಅಲ್ಲೇ ಇದ್ದದ್ದು ಅದೃಷ್ಟ ಅನ್ನಿ. ಐದು ವರ್ಷ ಆ ಕಾಲನ್ನು ಕಾಪಾಡಿದ್ದು ಅದೃಷ್ಟ ಅಲ್ಲ.

ಕಡೂರು ಬಂಡಿ

ನಾನು ರೇಸ್ ಕುದುರೆ ಬಗ್ಗೆ ಮಾತಾಡುವಷ್ಟು ತಿಳಿದವನಲ್ಲ. ನಮ್ಮದು ಎತ್ತಿನಗಾಡಿ ಓಟ. ನಮ್ಮ ಕಡೆ ಒಂದು ಮಾತು ಎಲ್ಲರಿಗೂ ಗೊತ್ತು: ಜೋಡಿ ಗೆದ್ದಾಗ ಮೈಕಿನಲ್ಲಿ ಕೂಗುವುದು ಯಜಮಾನನ ಹೆಸರು. ಹಳ್ಳಿಕಾರ್ ಹೋರಿಗೆ ಬೆಳಗಿನ ಜಾವ ಎದ್ದು ಹುರುಳಿ ಬೇಯಿಸಿ ಹಾಕಿ, ಕೆರೆಯಲ್ಲಿ ಈಜಿಸಿ, ಉಳುಮೆಯ ಮೆತ್ತನೆ ಹೊಲದಲ್ಲಿ ನಡೆಸಿ ಕಾಲು ಗಟ್ಟಿ ಮಾಡಿದವನ ಹೆಸರು ಊರಿನವರಿಗೆ ಮಾತ್ರ ಗೊತ್ತಿರುತ್ತದೆ.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ, ಹೋದರೆ ನೋಡಿ. ಎಂಥ ರಾಸು! ಆದರೆ ಅಲ್ಲಿಂದ ತಂದ ಒಂದೇ ವಯಸ್ಸಿನ ಎರಡು ಕರು ಎರಡು ಮನೆಯಲ್ಲಿ ಬೆಳೆದು ಎರಡು ಥರ ಆದದ್ದನ್ನು ನಾನೇ ಕಂಡಿದ್ದೇನೆ. ಒಂದು ಗಾಡಿಗೆ ಕಟ್ಟಿದರೆ ಮಂಡಿ ಊರಿಬಿಡುತ್ತಿತ್ತು. ಇನ್ನೊಂದು ಹೆಗಲು ಕೊಟ್ಟರೆ ಹಿಂದೆ ನೋಡುತ್ತಿರಲಿಲ್ಲ. ಒಂದನ್ನು ಬೈದು ಹೊಡೆದು ಬೆಳೆಸಿದ್ದರು, ಇನ್ನೊಂದನ್ನು ಹೆಸರು ಹಿಡಿದು ಕರೆದು ಬೆಳೆಸಿದ್ದರು. ನನ್ನ ಪ್ರಶ್ನೆ ಇಷ್ಟೇ. ಟ್ರೈನರ್‌ಗೆ ಎಷ್ಟು ಅಂತ ಕೇಳುತ್ತಿದ್ದೀರಿ ಸರಿ, ಆ ಪಾಲಿನೊಳಗೆ ಮೇವು ಹಾಕುವವನ ಪಾಲು ಯಾಕೆ ಬೇರೆ ಮಾಡುತ್ತಿಲ್ಲ?

ಅರಸೀಕೆರೆಯಿಂದ

ಕಡೂರಿನ ಅಣ್ಣ ಕೇಳಿದ್ದು ನನ್ನ ಮನಸ್ಸಿನಲ್ಲೇ ಇತ್ತು. ಇಷ್ಟು ದಿನ ಓದುತ್ತಿದ್ದೆ, ಬರೆಯಲು ಸಂಕೋಚ. ನಮ್ಮ ಅಪ್ಪ ರೇಸ್ ಲಾಯದಲ್ಲಿ ಇಪ್ಪತ್ತಾರು ವರ್ಷ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದರು. ಯಾವ ಊರು, ಯಾವ ಲಾಯ ಅಂತ ಹೇಳುವುದಿಲ್ಲ.

ಅಪ್ಪನ ದಿನ ಶುರುವಾಗುತ್ತಿದ್ದದ್ದು ಬೆಳಗಿನ ಜಾವ ಮೂರೂವರೆಗೆ. ದೀಪ ಹಾಕುವ ಮೊದಲು ಕತ್ತಲಲ್ಲೇ ಕುದುರೆಯ ನಾಲ್ಕೂ ಕಾಲಿಗೆ ಅಂಗೈ ಇಟ್ಟು ನೋಡುತ್ತಿದ್ದರು. ದೀಪ ಹಾಕಿದರೆ ಕುದುರೆ ಅಲುಗಾಡುತ್ತೆ, ಕತ್ತಲಲ್ಲಿ ನಿಂತಿರುತ್ತೆ, ಕೈಗೆ ಬಿಸಿ ಸರಿಯಾಗಿ ಗೊತ್ತಾಗುತ್ತೆ ಅನ್ನುತ್ತಿದ್ದರು. ಆಮೇಲೆ ತೊಟ್ಟಿ ನೋಡುವುದು. ರಾತ್ರಿ ಹಾಕಿದ ಓಟ್ಸ್ ಉಳಿಸಿದೆಯಾ, ಕುದುರೆಮೆಂತೆ ಅನ್ನುವ ಹಸಿರು ಮೇವು ಪೂರ್ತಿ ತಿಂದಿದೆಯಾ, ಲದ್ದಿ ಹೇಗಿದೆ. ಆಮೇಲೆ ಮೈ ಉಜ್ಜಿ, ಟ್ರ್ಯಾಕಿಗೆ ನಡೆಸಿಕೊಂಡು ಹೋಗಿ, ಸವಾರ ಇಳಿದ ಮೇಲೆ ಬೆವರು ಆರುವ ತನಕ ಸುತ್ತು ಹಾಕಿಸುವುದು. ಮಧ್ಯಾಹ್ನ ಸ್ವಲ್ಪ ಮಲಗಿ ಮತ್ತೆ ಮೂರಕ್ಕೆ ಶುರು. ಹಬ್ಬಕ್ಕೂ ರಜೆ ಇರಲಿಲ್ಲ. ನನ್ನ ಅಕ್ಕನ ಮದುವೆಗೆ ಬಂದವರು ಮುಹೂರ್ತ ಮುಗಿಸಿ ಅವತ್ತೇ ರಾತ್ರಿ ಬಸ್ ಹತ್ತಿದರು. ಒಂದು ಕುದುರೆಗೆ ಹೊಟ್ಟೆಶೂಲೆ ಬಂದಿತ್ತು, ಬೇರೆಯವರ ಕೈಲಿ ಅದು ನೀರು ಕುಡಿಯುತ್ತಿರಲಿಲ್ಲ.

ಅಪ್ಪ ಇಬ್ಬರು ಟ್ರೈನರ್‌ಗಳ ಹತ್ತಿರ ಕೆಲಸ ಮಾಡಿದರು. ಮೊದಲನೆಯವರು ದೊಡ್ಡ ಮನುಷ್ಯರು, ಬಹಳ ಹೆಸರು. ಸೈಸ್ ಜೊತೆ ನೇರ ಮಾತಿಲ್ಲ, ನಡುವೆ ಜಮಾದಾರ. ಒಂದು ದಿನ ಒಂದು ಕುದುರೆಯ ಎಡಗಾಲು ಸ್ವಲ್ಪ ಬಿಸಿ ಇದೆ ಅಂತ ಅಪ್ಪ ಜಮಾದಾರನಿಗೆ ಹೇಳಿದರು. ಆ ಮಾತು ಮೇಲೆ ಹೋಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕುದುರೆಯನ್ನು ಜೋರು ಓಟದ ಗ್ಯಾಲಪ್‌ಗೆ ತೆಗೆದರು. ನರ ಹರಿದು ಮೂರು ಕಾಲಲ್ಲಿ ವಾಪಸ್ ಬಂತು. ಅದು ಮತ್ತೆ ಓಡಲಿಲ್ಲ. ಅಪ್ಪ ಆ ವಿಷಯ ಹೇಳುವಾಗ ಈಗಲೂ ಅಂಗೈ ನೋಡಿಕೊಳ್ಳುತ್ತಾರೆ.

ಎರಡನೆಯವರು ಸಣ್ಣ ಲಾಯ, ಇಪ್ಪತ್ತು ಕುದುರೆಯೂ ಇರಲಿಲ್ಲ. ಅವರು ನಾಲ್ಕು ಗಂಟೆಗೆ ತಾವೇ ಬಂದು ಪ್ರತಿ ಸೈಸ್ ಹತ್ತಿರ ನಿಂತು 'ಏನಪ್ಪಾ, ರಾತ್ರಿ ಹೇಗಿತ್ತು' ಅಂತ ಕೇಳುತ್ತಿದ್ದರು. ಬೇಡ ಅಂತ ಅಪ್ಪ ತಲೆ ಆಡಿಸಿದರೆ ಸಾಕು, ಆ ಕುದುರೆ ಅವತ್ತು ನಡಿಗೆ ಮಾತ್ರ. ಓನರ್ ಊರಿಂದ ಗ್ಯಾಲಪ್ ನೋಡಲು ಬಂದು ನಿಂತಿದ್ದರೂ ಅಷ್ಟೇ. ವರ್ಷಕ್ಕೆ ಹತ್ತು ಹದಿನೈದು ರೇಸ್ ಗೆಲ್ಲುತ್ತಿದ್ದರು, ದೊಡ್ಡ ಕಪ್ ಒಂದೂ ಇಲ್ಲ. ಆದರೆ ಅವರ ಲಾಯದಲ್ಲಿ ಏಳು ಎಂಟು ವರ್ಷದ ಕುದುರೆಗಳು ಇನ್ನೂ ಓಡುತ್ತಿದ್ದವು. ಅಪ್ಪನಿಗೆ ಅವರೇ ನಿಜವಾದ ಟ್ರೈನರ್.

ಸೆಕ್ರೆಟೇರಿಯಟ್ ಬಗ್ಗೆ ಮೇಡಂ ಬರೆದರು. ಅದರ ಟ್ರೈನರ್ ಲೂಸಿಯನ್ ಲಾರಿನ್, ಜಾಕಿ ರಾನ್ ಟರ್ಕಾಟ್ ಅಂತ ಹುಡುಕಿದರೆ ತಕ್ಷಣ ಸಿಗುತ್ತೆ. ಅದನ್ನು ಹಗಲೂ ರಾತ್ರಿ ನೋಡಿಕೊಂಡವರು ಎಡ್ಡಿ ಸ್ವೆಟ್ ಅನ್ನುವ ಸೈಸ್. ಆ ಹೆಸರನ್ನು ನಾನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸಲ ಓದು ಅಂದರು.

ಹಾಸನ ಪಶುವೈದ್ಯೆ

ಓದಿ ಕಣ್ಣು ತುಂಬಿತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಕತ್ತಲಲ್ಲಿ ಕಾಲು ಮುಟ್ಟಿ ನೋಡುವ ವಿಷಯ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೇ ಟ್ರೈನರ್ ಬಗ್ಗೆ ಬರೆದಿದ್ದೀರಲ್ಲ, ಅದೇ ನಾನು ಕೇಳುವ ಅಳತೆ. ಎರಡು ವರ್ಷಕ್ಕೆ ಲಾಯಕ್ಕೆ ಬಂದ ಮರಿಗಳಲ್ಲಿ ಐದನೇ ವರ್ಷದಲ್ಲಿ ಎಷ್ಟು ಇನ್ನೂ ಓಡುತ್ತಿವೆ? ಹತ್ತು ಮರಿಯನ್ನು ಜೋರಾಗಿ ಓಡಿಸಿ, ಎಂಟು ಕುಂಟಾಗಿ, ಉಳಿದ ಎರಡು ಡರ್ಬಿ ಗೆದ್ದರೆ ಪೇಪರಿನಲ್ಲಿ ಬರುವುದು ಆ ಎರಡು ಮಾತ್ರ. ಆ ಎಂಟರ ಲೆಕ್ಕ ಯಾರು ಇಡುತ್ತಾರೆ?

ಬೇಲೂರು ರಸ್ತೆ

ಒಂದು ವಿಷಯ ಯಾರೂ ಎತ್ತಿಲ್ಲ, ಮದ್ದು. ಅಮೆರಿಕದಲ್ಲಿ ಹೋರ್ಹೆ ನವಾರೋ, ಜೇಸನ್ ಸರ್ವಿಸ್ ಅಂತ ಇಬ್ಬರು ಟ್ರೈನರ್‌ಗಳಿದ್ದರು. ಬೇರೆಯವರಿಂದ ಬಂದ ಕುದುರೆ ಇವರ ಕೈಗೆ ಬಂದ ಕೂಡಲೇ ಹಾರುತ್ತಿತ್ತು. ಮೇಷ್ಟ್ರು ಹೇಳಿದ ಲೆಕ್ಕದಲ್ಲಿ ನೋಡಿದರೆ ಇಬ್ಬರೂ ಎಲ್ಲರಿಗಿಂತ ಮೇಲೆ. 2020ರ ಮಾರ್ಚ್‌ನಲ್ಲಿ ಪೊಲೀಸರು ಹಿಡಿದರು. ಕುದುರೆಗೆ ಕದ್ದು ಮದ್ದು ಕೊಡುತ್ತಿದ್ದರು. ನವಾರೋಗೆ 5 ವರ್ಷ, ಸರ್ವಿಸ್‌ಗೆ 4 ವರ್ಷ ಜೈಲು. ಹಾಗಾಗಿ ತೀರಾ ಜಾಸ್ತಿ ಸುಧಾರಣೆ ಕಂಡರೆ ಮೊದಲು ಹೊಗಳುವುದಲ್ಲ, ಕೇಳುವುದು.

ಇದರಲ್ಲೇ ಇನ್ನೊಂದು ಇದೆ. ಸರ್ವಿಸ್ ಲಾಯದಲ್ಲಿದ್ದ ಮ್ಯಾಕ್ಸಿಮಮ್ ಸೆಕ್ಯೂರಿಟಿ ಕುದುರೆ ಆಮೇಲೆ ಬಾಬ್ ಬ್ಯಾಫರ್ಟ್ ಅನ್ನುವ ಟ್ರೈನರ್ ಹತ್ತಿರ ಹೋಯಿತು. ಅದೇ ವರ್ಷ ಅಲ್ಲೂ ಪೆಸಿಫಿಕ್ ಕ್ಲಾಸಿಕ್ ಅನ್ನುವ ದೊಡ್ಡ ರೇಸ್ ಗೆದ್ದಿತು. ಅಂದರೆ ಕುದುರೆಯೇ ಚೆನ್ನಾಗಿತ್ತು. ಮದ್ದು ಕೊಟ್ಟವನು ಅದರ ಹೆಸರನ್ನೂ ಕೆಡಿಸಿದ. ನನಗೆ ಸಿಟ್ಟು ಬರುವುದು ಅದಕ್ಕೆ.

ಎಲ್ಲ ದೊಡ್ಡ ಸುಧಾರಣೆಯೂ ಮೋಸ ಅಂತ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಮಾರ್ಟಿನ್ ಪೈಪ್ ಬುಕ್ಕಿಯ ಮಗ, ಕುದುರೆ ಮನೆತನದವರಲ್ಲ. ಲಾಯದಲ್ಲೇ ಲ್ಯಾಬ್ ಇಟ್ಟು ರಕ್ತ ಪರೀಕ್ಷೆ ಮಾಡಿಸಿದರು, ದಿಬ್ಬದ ಮೇಲೆ ಬಿಟ್ಟು ಬಿಟ್ಟು ಓಡಿಸಿದರು. ಬೇರೆಯವರು ಬಿಟ್ಟ ಅಗ್ಗದ ಕುದುರೆಗಳಿಂದಲೇ ಬೇಕಾದಷ್ಟು ಗೆದ್ದರು. 15 ಸಲ ಚಾಂಪಿಯನ್. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಒಬ್ಬ ಟ್ರೈನರ್ ಮಾಡಿದ್ದನ್ನು ಎಲ್ಲರೂ ನೋಡಿ ಕಲಿಯುವಂತಿದ್ದರೆ ಆ ಹೆಸರು ಗಟ್ಟಿ.

ಲೆಕ್ಕದ ಮೇಷ್ಟ್ರು, ಹೊಳೆನರಸೀಪುರ

ಇಬ್ಬರ ಮಾತೂ ಒಪ್ಪಿದೆ. ಮೇಡಂ ಕೇಳಿದ ಲೆಕ್ಕ ಇಡಬೇಕು, ಅದು ಕಷ್ಟವೇನಲ್ಲ, ಹಳೇ ರೇಸ್ ಪುಸ್ತಕ ಸಾಕು. ದೊಡ್ಡ ಟ್ರೈನರ್ ಕೈಯಲ್ಲೂ ಕುದುರೆ ಹಾಳಾಗಬಹುದು ಅನ್ನುವುದಕ್ಕೆ ಅಮೆರಿಕದ ಸೀಬಿಸ್ಕಟ್ ಕುದುರೆಯ ಕಥೆ ಇದೆ. ಸನ್ನಿ ಜಿಮ್ ಫಿಟ್ಸ್‌ಸಿಮನ್ಸ್ ಎರಡು ಕುದುರೆಗಳಿಗೆ ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷ ಅಲ್ಲಿನ ಮೂರು ದೊಡ್ಡ ರೇಸ್, ಗೆಲ್ಲಿಸಿದ ಟ್ರೈನರ್, ಸಾಮಾನ್ಯರಲ್ಲ. ಅವರ ಲಾಯದಲ್ಲಿ ಸೀಬಿಸ್ಕಟ್ ಎರಡನೇ ವಯಸ್ಸಿನಲ್ಲೇ 35 ರೇಸ್ ಓಡಿತ್ತು. 1936ರಲ್ಲಿ 8,000 ಡಾಲರಿಗೆ ಮಾರಾಟವಾಗಿ ಟಾಮ್ ಸ್ಮಿತ್ ಕೈಗೆ ಬಂತು. ಸ್ಮಿತ್ ಅದನ್ನು ಮಲಗಲು ಬಿಟ್ಟರು, ತಿನ್ನಲು ಬಿಟ್ಟರು, ಪಕ್ಕದಲ್ಲಿ ಪಂಪ್‌ಕಿನ್ ಅನ್ನುವ ಸಾಧು ಕುದುರೆಯನ್ನು ಜೊತೆಗೆ ಕಟ್ಟಿದರು. 1938ರ ನವೆಂಬರ್ 1ರಂದು ಅದು ಆಗ ದೊಡ್ಡ ಹೆಸರಿದ್ದ ವಾರ್ ಅಡ್ಮಿರಲ್ ಕುದುರೆಯನ್ನು ಸೋಲಿಸಿತು. ಫಿಟ್ಸ್‌ಸಿಮನ್ಸ್ ಕೆಟ್ಟ ಟ್ರೈನರ್ ಅಂತ ಇದರಿಂದ ಹೇಳಲಾಗದು. ಲಾಯ ತುಂಬ ಒಳ್ಳೇ ಕುದುರೆ ಇದ್ದಾಗ ಸೋಮಾರಿಯಂತೆ ಕಾಣುವ ಒಂದು ಮರಿಯನ್ನು ಕೂತು ನೋಡಲು ಯಾರಿಗೂ ಹೊತ್ತಿರುವುದಿಲ್ಲ. ಹುಡುಗ ಮೊದಲು ಹೇಳಿದನಲ್ಲ, ಹೆಸರಿರುವ ಕಡೆಗೇ ಒಳ್ಳೇ ಮರಿ ಹೋಗುತ್ತೆ ಅಂತ, ಅದರಿಂದ ಆಗುವ ನಷ್ಟ ಇದು.

ಚನ್ನರಾಯಪಟ್ಟಣ ಹುಡುಗ

ಎಲ್ಲರೂ ಬರೆದದ್ದನ್ನು ನಿನ್ನೆ ರಾತ್ರಿ ಮಾವನಿಗೆ ಕೂತು ಓದಿ ಹೇಳಿದೆ. ಅರಸೀಕೆರೆಯವರ ಅಪ್ಪನ ಕಥೆ ಬಂದಾಗ ಟಿ.ವಿ. ಆಫ್ ಮಾಡಿಸಿದರು. ಮೇಷ್ಟ್ರ 40 ಓಟದ ಲೆಕ್ಕಕ್ಕೆ ಮಾತ್ರ ಒಪ್ಪಲಿಲ್ಲ, 'ನಾನು 40 ಅಲ್ಲ, 4,000 ಓಟ ನೋಡಿದ್ದೀನಿ' ಅಂದರು.

ನಾನು ಶುರು ಮಾಡಿದಾಗ ಟ್ರೈನರ್ ಪಾಲು ಕಡಿಮೆ ಅಂತ ತೋರಿಸಬೇಕು ಅಂತಲೇ ಇದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ. ಕಪ್ ಎಣಿಸಿ ಕೊಡುವ ಹೆಸರು ಬೇಡ ಅನ್ನುವುದು ಗಟ್ಟಿಯಾಯಿತು. ಆದರೆ ಕೈಗೆ ಬಂದ ಕುದುರೆ ಹೇಗಿತ್ತು, ಅವರ ಕೈಲಿ ಏನಾಯಿತು, ಎಷ್ಟು ವರ್ಷ ನಿಂತಿತು ಅಂತ ನೋಡಿದರೆ ಕೆಲವರಿಗೆ ಈಗ ಇರುವುದಕ್ಕಿಂತ ಜಾಸ್ತಿಯೇ ಹೆಸರು ಸಲ್ಲಬೇಕು. ಅವರಲ್ಲಿ ತುಂಬ ಜನರ ಹೆಸರು ನನಗೆ ಗೊತ್ತೇ ಇಲ್ಲ.

ಮಾವ ಮಲಗುವ ಮುಂಚೆ ಒಂದು ಮಾತು ಹೇಳಿದರು. 1994ರಿಂದ ಹಿಡಿದು ಮೈಸೂರಿನ ರೇಸ್ ಪುಸ್ತಕಗಳು ಅಟ್ಟದ ಮೇಲೆ ಟ್ರಂಕಿನಲ್ಲಿ ಇವೆಯಂತೆ. ಅತ್ತೆ ಎರಡು ಸಲ ರದ್ದಿಗೆ ಹಾಕಲು ಹೋದರೂ ಬಿಟ್ಟಿಲ್ಲ. ಭಾನುವಾರ ಕೆಳಗೆ ಇಳಿಸುತ್ತೇವೆ. ಲಾಯ ಬದಲಿಸಿದ ಕುದುರೆಗಳನ್ನು ನಾನು ಹುಡುಕುತ್ತೇನೆ, ಯಾವುದು ಎಷ್ಟನೇ ವಯಸ್ಸಿನವರೆಗೆ ಓಡಿತು ಅಂತ ಮಾವ ಬರೆದುಕೊಳ್ಳುತ್ತಾರಂತೆ. ಮೇಷ್ಟ್ರೇ, ಯಾವ ಯಾವ ಕಾಲಂ ಹಾಕಬೇಕು ಅಂತ ಶನಿವಾರದೊಳಗೆ ಹೇಳಿ. ಅರಸೀಕೆರೆ ಅಣ್ಣ, ನಿಮ್ಮ ಅಪ್ಪ ಕೆಲಸ ಮಾಡಿದ ವರ್ಷಗಳು ಯಾವುವು ಅಂತಾದರೂ ಹೇಳುತ್ತೀರಾ? ಲಾಯದ ಹೆಸರು ಬೇಡ. ಆ ವರ್ಷಗಳ ಪುಸ್ತಕ ಮೊದಲು ತೆಗೆಯೋಣ ಅಂತ ಮಾವ ಹೇಳುತ್ತಿದ್ದಾರೆ.